ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು: ಓಡಿದ ಕಿಲೋಮೀಟರ್ ಬಿಡಿ, ಉಳಿದ ಯೂನಿಟ್ ಅಳೆಯಿರಿ

ನಾನು ಫಿಸಿಯೋಥೆರಪಿಸ್ಟ್. ಕ್ಲಿನಿಕ್ ಇಲ್ಲ, ಎದ್ದು ಓಡಾಡಲಾಗದವರ ಮನೆಗೆ ನಾನೇ ಹೋಗುತ್ತೇನೆ. ದಿನಕ್ಕೆ ಆರೇಳು ಮನೆ, ಒಂದೊಂದು ಕಡೆ ಮುಕ್ಕಾಲು ಗಂಟೆ. ಹತ್ತು ನಿಮಿಷ ಓಡಿಸು, ನಿಲ್ಲಿಸು, ಮತ್ತೆ ಹದಿನೈದು ನಿಮಿಷ ಓಡಿಸು. ಈ ಕೆಲಸಕ್ಕೆ ಸಣ್ಣ ಎಲೆಕ್ಟ್ರಿಕ್ ಕಾರೇ ಸರಿ ಅನ್ನಿಸಿ ಹಳೆಯದೊಂದನ್ನು ಹುಡುಕಲು ಹೊರಟೆ. ಎರಡು ತಿಂಗಳು ತಿರುಗಿ ಐದು ಕಾರು ನೋಡಿದೆ. ಅದರಲ್ಲಿ ಎರಡರ ಕಥೆ ಗೊತ್ತಾದರೆ ಸಾಕು.

ಮೊದಲನೆಯದು ನಿವೃತ್ತರೊಬ್ಬರದು. ಓಡಿದ್ದು ಬರೀ 28,000 ಕಿಲೋಮೀಟರ್. ಮೈಮೇಲೆ ಒಂದು ಗೀರಿಲ್ಲ, ಸೀಟಿನ ಕವರ್ ಕೂಡ ಹೊಸದರಂತಿತ್ತು. ಇನ್ನೊಂದು 1,12,000 ಕಿಲೋಮೀಟರ್ ಓಡಿದ್ದು. ಬಾಗಿಲಲ್ಲಿ ತಗ್ಗು, ಸ್ಟಿಯರಿಂಗ್ ಮೇಲಿನ ಚರ್ಮ ಸವೆದು ನುಣುಪಾಗಿತ್ತು. ಜೊತೆಗೆ ಬಂದಿದ್ದ ಮೈದುನ ಎರಡನ್ನೂ ನೋಡಿ, ಎರಡರ ಟೈರಿಗೂ ಒದ್ದು, ತೀರ್ಪು ಕೊಟ್ಟೇಬಿಟ್ಟ. ನಾನು ಎರಡನೆಯದನ್ನು ತಗೊಳ್ಳುತ್ತೇನೆ ಎಂದಾಗ ಅವನ ಮುಖ ನೋಡಬೇಕಿತ್ತು. "ಅತ್ತಿಗೆ, ಅದನ್ನ ಬಿಟ್ಟು ಇದನ್ನ ತಗೋತೀರಾ?"

ಪೆಟ್ರೋಲ್ ಕಾರಾಗಿದ್ದರೆ ಅವನು ಹೇಳಿದ್ದೇ ಸರಿ. ಇಲ್ಲಿ ಲೆಕ್ಕವೇ ಬೇರೆ.

ಮೊದಲು ನಿಮ್ಮ ಓಡಾಟ

ಕಾರು ನೋಡಲು ಹೋಗುವ ಮೊದಲು ಒಂದು ತಿಂಗಳು ನಿಮ್ಮ ಓಡಾಟವನ್ನು ಬರೆದಿಡಿ. ಅಂದಾಜು ಬೇಡ, ಅಂದಾಜಿನಲ್ಲಿ ಎಲ್ಲರೂ ತಾವು ಓಡಾಡುವುದಕ್ಕಿಂತ ಜಾಸ್ತಿಯೇ ಹೇಳುತ್ತಾರೆ. ನಾನು ದಿನಕ್ಕೆ ನೂರು ಕಿಲೋಮೀಟರ್ ಎಂದುಕೊಂಡಿದ್ದೆ. ಬರೆದು ನೋಡಿದರೆ ಸರಾಸರಿ 52, ತಿಂಗಳ ಅತಿ ಉದ್ದದ ದಿನ 78. ಮುಖ್ಯವಾದದ್ದು ಈ 78. ಸರಾಸರಿಯನ್ನು ನಂಬಿ ಕಾರು ಕೊಂಡರೆ ಆ ಒಂದು ದಿನ ದಾರಿಯಲ್ಲಿ ನಿಲ್ಲುತ್ತೀರಿ.

ಈಗ ಇದನ್ನು ಯೂನಿಟ್‌ಗೆ ತಿರುಗಿಸಬೇಕು. ಬ್ಯಾಟರಿಯ ಅಳತೆಯನ್ನು ಕಿಲೋವ್ಯಾಟ್ ಅವರ್ ಎಂದು ಬರೆದಿರುತ್ತಾರೆ. ಹೆಸರು ಕೇಳಿ ಹೆದರಬೇಡಿ, ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಅದೇ. ಒಂದು ಕಿಲೋವ್ಯಾಟ್ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಬರೀ ಕಿಲೋವ್ಯಾಟ್ ಎಂದರೆ ಕರೆಂಟ್ ಹರಿಯುವ ವೇಗ. 24 ಯೂನಿಟ್ ಬ್ಯಾಟರಿ ಎಂದರೆ ಅದರ ಹೊಟ್ಟೆ ಎಷ್ಟು ದೊಡ್ಡದು ಎಂದು, 3.3 ಕಿಲೋವ್ಯಾಟ್ ಚಾರ್ಜರ್ ಎಂದರೆ ತುತ್ತು ಎಷ್ಟು ದೊಡ್ಡದು ಎಂದು. ಮಾರುವವರೇ ಇವೆರಡನ್ನು ಕಲಸಿ ಮಾತಾಡುತ್ತಾರೆ, ನೀವು ಕಲಸಬೇಡಿ.

ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಕಿಲೋಮೀಟರಿಗೆ ಸುಮಾರು 0.15 ಯೂನಿಟ್ ತಿನ್ನುತ್ತದೆ. ವೇಗದ ರಸ್ತೆ, ಸುರಿಯುವ ಮಳೆ, ಎಸಿ ಅಥವಾ ಹೀಟರ್ ಎಲ್ಲ ಸೇರಿದ ದಿನಕ್ಕೆ ನಾನು 0.19 ಹಿಡಿದೆ. 78 ಕಿಲೋಮೀಟರಿಗೆ 14.8 ಯೂನಿಟ್. ಪೂರ್ತಿ ಖಾಲಿಯಾಗುವವರೆಗೆ ಯಾರೂ ಓಡಿಸುವುದಿಲ್ಲ, ನೂರಕ್ಕೆ ಹದಿನೈದು ಪಾಲು ತಳದಲ್ಲಿ ಬಿಡಬೇಕು. ಆಗ ಬೇಕಾದದ್ದು 17.4 ಯೂನಿಟ್. ಈ ಒಂದು ಅಂಕಿಯನ್ನು ಡೈರಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡೆ. ಆಮೇಲೆ ನೋಡಿದ ಪ್ರತಿ ಕಾರಿಗೂ ಕೇಳಿದ್ದು ಒಂದೇ ಪ್ರಶ್ನೆ: ನಿನ್ನೊಳಗೆ ಈಗ 17.4 ಇದೆಯಾ? ಹೊಸದರಲ್ಲಿ ಎಷ್ಟಿತ್ತು ಅನ್ನುವುದು ನನಗೆ ಬೇಡವಾಗಿತ್ತು.

ಹೊಸದರಲ್ಲಿ ಬರೆದಿದ್ದ ಅಂಕಿಯಲ್ಲೂ ಒಂದು ಸೂಕ್ಷ್ಮ ಇದೆ. ಬ್ಯಾಟರಿಯ ಮೇಲ್ತುದಿಯಲ್ಲಿ ಸ್ವಲ್ಪ, ಕೆಳತುದಿಯಲ್ಲಿ ಸ್ವಲ್ಪ ಜಾಗವನ್ನು ಕಂಪನಿಯವರು ಮುಟ್ಟಲು ಬಿಡುವುದಿಲ್ಲ. 2013ರ ಮೊದಲ ಬಿಎಂಡಬ್ಲ್ಯು ಐ3ರಲ್ಲಿ 22 ಯೂನಿಟ್ ಬ್ಯಾಟರಿ ಇತ್ತು, ಓಡಿಸಲು ಸಿಗುತ್ತಿದ್ದದ್ದು 19ರಷ್ಟು. ಅದೇ ಕಾರನ್ನು 60, 94, 120 ಎಂಬ ಹೆಸರಲ್ಲಿ ಮಾರುವುದನ್ನೂ ನೋಡುತ್ತೀರಿ. ಅದು ಆಂಪಿಯರ್ ಅವರ್, ಬೇರೆಯೇ ಅಳತೆ. ಯೂನಿಟ್‌ನಲ್ಲಿ ಹೇಳಿದರೆ 22, 33, 42. ಅರವತ್ತು ಎಂದು ಕೇಳಿ ಅರವತ್ತು ಯೂನಿಟ್ ಎಂದುಕೊಂಡು ಹಿಗ್ಗಬೇಡಿ.

ಬ್ಯಾಟರಿ ಹೇಗೆ ಮುದಿಯಾಗುತ್ತದೆ

ಮಂಡಿಗೂ ಬ್ಯಾಟರಿಗೂ ಒಂದು ಹೋಲಿಕೆ ನನಗೆ ಕಾಣುತ್ತದೆ. ಎಪ್ಪತ್ತೈದರ ರೈತನ ಮಂಡಿ ಗಟ್ಟಿಯಾಗಿರುವುದನ್ನೂ, ಐವತ್ತರ ಗುಮಾಸ್ತರ ಮಂಡಿ ಹಿಡಿದುಕೊಂಡಿರುವುದನ್ನೂ ವಾರವಾರ ನೋಡುತ್ತೇನೆ. ಸವೆತ ಬಳಕೆಯಿಂದಲೂ ಬರುತ್ತದೆ, ಸುಮ್ಮನೆ ಕೂತಿದ್ದರಿಂದಲೂ ಬರುತ್ತದೆ.

ಬ್ಯಾಟರಿ ಒಳಗೆ ಲಿಥಿಯಂ ಅಯಾನುಗಳು ಚಾರ್ಜ್ ಮಾಡುವಾಗ ಒಂದು ಬದಿಯಲ್ಲಿರುವ ಗ್ರಾಫೈಟ್ ಕಡೆಗೆ ಹೋಗುತ್ತವೆ, ಓಡಿಸುವಾಗ ವಾಪಸ್ ಬರುತ್ತವೆ. ಗ್ರಾಫೈಟಿನ ಮೈಮೇಲೆ ತೆಳುವಾದ ಪದರವೊಂದು ಕಟ್ಟಿಕೊಳ್ಳುತ್ತಾ ಹೋಗುತ್ತದೆ, ನೀರು ಕಾಯಿಸುವ ಪಾತ್ರೆಯೊಳಗೆ ಸುಣ್ಣ ಕಟ್ಟುವ ಹಾಗೆ. ಆ ಪದರದಲ್ಲಿ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಓಡಾಟಕ್ಕೆ ಬರುವುದಿಲ್ಲ. ಹೊಸ ಬ್ಯಾಟರಿಯಲ್ಲಿ ಈ ಪದರ ಬೇಗ ಕಟ್ಟುತ್ತದೆ, ಆಮೇಲೆ ನಿಧಾನವಾಗುತ್ತದೆ. ಅದಕ್ಕೇ ಮೊದಲೆರಡು ವರ್ಷದಲ್ಲಿ ಕಂಡ ಇಳಿತವನ್ನು ನೋಡಿ "ಹತ್ತು ವರ್ಷಕ್ಕೆ ಏನೂ ಉಳಿಯುವುದಿಲ್ಲ" ಎಂದು ಗುಣಾಕಾರ ಮಾಡುವುದು ತಪ್ಪು.

ಪದರ ದಪ್ಪವಾಗಲು ಎರಡು ಕಾರಣ ಮುಖ್ಯ. ಒಂದು ಬಿಸಿ. ಇನ್ನೊಂದು, ಬ್ಯಾಟರಿ ತುಂಬಿಕೊಂಡೇ ದಿನಗಟ್ಟಲೆ ನಿಂತಿರುವುದು. ಎರಡೂ ಸೇರಿದರೆ ಕೇಳುವುದೇ ಬೇಡ. ನಾನು ನೋಡಿದ ಮೊದಲ ಕಾರಿಗೆ ಆಗಿದ್ದು ಅದೇ. ಆ ಹಿರಿಯರು ವಾರಕ್ಕೆ ಎರಡು ಸಲ ಹೊರಗೆ ಹೋಗುತ್ತಿದ್ದರು. ಬಂದ ತಕ್ಷಣ ಚಾರ್ಜಿಗೆ ಹಾಕಿ ನೂರು ಮಾಡಿ, ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. "ಒಂದು ದಿನಾನೂ ಖಾಲಿ ಬಿಟ್ಟಿಲ್ಲಮ್ಮ," ಎಂದರು. ಪಾಪ, ಅವರು ಮಾಡಿದ್ದು ಕಾಳಜಿಯೇ. ಎರಡನೆಯ ಕಾರಿನವರು ದಿನವೂ ಓಡಿಸಿದ್ದರು, ನೆರಳಲ್ಲಿ ನಿಲ್ಲಿಸಿದ್ದರು, ರಾತ್ರಿ ಎಂಬತ್ತಕ್ಕೆ ನಿಲ್ಲುವಂತೆ ಇಟ್ಟಿದ್ದರು.

ಆದ್ದರಿಂದ ಮಾರುವವರ ಜೊತೆ ಕೂತು ಚರಿತ್ರೆ ಕೇಳಿ. ಎಲ್ಲಿ ನಿಲ್ಲಿಸುತ್ತಿದ್ದಿರಿ? ಎಷ್ಟಕ್ಕೆ ಚಾರ್ಜ್ ಮಾಡುತ್ತಿದ್ದಿರಿ? ಊರಿಗೆ ಹೋದಾಗ ಎಷ್ಟು ಪರ್ಸೆಂಟ್‌ನಲ್ಲಿ ಬಿಟ್ಟು ಹೋಗುತ್ತಿದ್ದಿರಿ? ಬ್ಯಾಟರಿ ಹೇಗಿದೆ ಎಂದು ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಎನ್ನುತ್ತಾರೆ. ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಕೇಳಿದರೆ ನಿಜ ಹೇಳುತ್ತಾರೆ, ಯಾಕೆಂದರೆ ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ.

ಬ್ಯಾಟರಿಯನ್ನು ತಂಪಾಗಿಡುವ ವ್ಯವಸ್ಥೆ ಇದೆಯೇ ಎಂಬುದು ಇನ್ನೊಂದು. 2010ರ ಕೊನೆಯಲ್ಲಿ ಬಂದ ನಿಸ್ಸಾನ್ ಲೀಫ್‌ನಲ್ಲಿ ಬ್ಯಾಟರಿಗೆಂದು ಪ್ರತ್ಯೇಕ ಕೂಲಿಂಗ್ ಇರಲಿಲ್ಲ. 2012ರ ಹೊತ್ತಿಗೆ ಅಮೆರಿಕದ ಅರಿಜೋನಾದಂಥ ಬಿಸಿ ಸೀಮೆಯ ಮಾಲೀಕರು ಬ್ಯಾಟರಿ ಬೇಗ ಕುಗ್ಗುತ್ತಿದೆ ಎಂದು ದೂರತೊಡಗಿದರು. ಆಮೇಲೆ ಅಲ್ಲಿ ಬ್ಯಾಟರಿಯ ಸಾಮರ್ಥ್ಯಕ್ಕೇ ಪ್ರತ್ಯೇಕ ವಾರಂಟಿ ಬಂತು. ಐ3 ಮತ್ತು ಶೆವರ್ಲೆ ಬೋಲ್ಟ್‌ಗಳಲ್ಲಿ ತಂಪು ಮಾಡುವ ವ್ಯವಸ್ಥೆ ಇದೆ. ಬಿಸಿ ಹೆಚ್ಚಿರುವ ಕಡೆ ಓಡಿದ ಕಾರಾದರೆ ನಾನು ಈ ಪ್ರಶ್ನೆಗೆ ಬಣ್ಣ, ಮಾಡೆಲ್, ಸ್ಕ್ರೀನ್ ಸೈಜು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ.

ಚಳಿಯಲ್ಲಿ ದೂರ ಕಡಿಮೆಯಾದರೆ ಗಾಬರಿ ಬೇಡ, ಬೆಚ್ಚಗಾದಾಗ ಅದು ವಾಪಸ್ ಬರುತ್ತದೆ. ಬಿಸಿಯಲ್ಲಿ ಹೋದದ್ದು ಹೋದಂತೆಯೇ.

ಡ್ಯಾಶ್‌ಬೋರ್ಡ್ ಹೇಳುವುದನ್ನು ಎಷ್ಟು ನಂಬಬೇಕು

ಆ ಹಿರಿಯರ ಕಾರಿನ ಡ್ಯಾಶ್‌ಬೋರ್ಡ್ ನೂರು ಪರ್ಸೆಂಟ್, 118 ಕಿಲೋಮೀಟರ್ ಎಂದು ತೋರಿಸುತ್ತಿತ್ತು. ಮೈದುನ ಅದರ ಫೋಟೋ ಕೂಡ ತೆಗೆದ. ಆದರೆ ನೂರು ಪರ್ಸೆಂಟ್ ಎಂದರೆ ಪಾತ್ರೆ ತುಂಬಿದೆ ಎಂದಷ್ಟೇ. ಪಾತ್ರೆ ಕೊಡದಷ್ಟಿದೆಯೋ ಚೊಂಬಿನಷ್ಟಿದೆಯೋ ಅದು ಹೇಳುವುದಿಲ್ಲ. 118 ಎಂಬುದು ಇತ್ತೀಚೆಗೆ ಹೇಗೆ ಓಡಿಸಿದ್ದಾರೆ ಎಂಬುದರ ಮೇಲೆ ಕಾರು ಕಟ್ಟಿದ ಊಹೆ. ನಿಧಾನವಾಗಿ, ಎಸಿ ಇಲ್ಲದೆ ಓಡಿಸುವವರ ಕೈಯಲ್ಲಿ ಆ ಅಂಕಿ ಉಬ್ಬಿರುತ್ತದೆ.

ಕೆಲವು ಕಾರುಗಳಲ್ಲಿ ಬ್ಯಾಟರಿಯ ಆರೋಗ್ಯಕ್ಕೇ ಬೇರೆ ಸೂಚಕ ಇರುತ್ತದೆ. ಲೀಫ್‌ನಲ್ಲಿ ಚಾರ್ಜ್ ತೋರಿಸುವ ದಪ್ಪ ಗೆರೆಗಳ ಪಕ್ಕದಲ್ಲಿ 12 ಸಣ್ಣ ಗೆರೆಗಳಿವೆ. ಸಾಮರ್ಥ್ಯ ತೋರಿಸುವುದು ಆ ಸಣ್ಣವು. ಮೊದಲ ಗೆರೆ ಮಾಯವಾಗುವುದು ನೂರಕ್ಕೆ 15 ಪಾಲು ಹೋದ ಮೇಲೆ. ಆಮೇಲಿನ ಒಂದೊಂದು ಗೆರೆಗೂ ಸುಮಾರು 6 ಪಾಲು. ಅಂದರೆ ಹನ್ನೆರಡೂ ಗೆರೆ ಇರುವ ಎರಡು ಕಾರುಗಳಲ್ಲಿ ಒಂದು 98 ಇರಬಹುದು, ಇನ್ನೊಂದು 86. ಗೆರೆ ತಪ್ಪುವುದೂ ಉಂಟು. 30 ಯೂನಿಟ್ ಲೀಫ್‌ಗಳು ಸಾಫ್ಟ್‌ವೇರ್ ದೋಷದಿಂದ ಸಾಮರ್ಥ್ಯವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿವೆ ಎಂದು 2018ರಲ್ಲಿ ಕಂಪನಿಯೇ ಹೇಳಿ ಹೊಸ ಸಾಫ್ಟ್‌ವೇರ್ ಕೊಟ್ಟಿತು. ಉಲ್ಟಾ ಕೂಡ ಇದೆ: ಬ್ಯಾಟರಿಯ ಕಂಪ್ಯೂಟರನ್ನು ರೀಸೆಟ್ ಮಾಡಿ, ಕೆಲವು ವಾರಗಳ ಮಟ್ಟಿಗೆ ಎಲ್ಲ ಗೆರೆಗಳೂ ಬರುವಂತೆ ಮಾಡಿ ಮಾರುವವರಿದ್ದಾರೆ.

ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಕಾರಿನ ಕಂಪ್ಯೂಟರಿನಲ್ಲಿರುವುದನ್ನು ಫೋನಿನಲ್ಲಿ ಓದಿಸುವ ಒಬಿಡಿ ಅಡಾಪ್ಟರ್ ಒಂದನ್ನು ನಿಮ್ಮದೇ ತಗೊಂಡು ಹೋಗಿ. ಲೀಫ್‌ಗೆ ಲೀಫ್ ಸ್ಪೈ, ರೆನೋ ಜೋಯಿಗೆ ಕ್ಯಾನ್‌ಝಿ, ಹೀಗೆ ಆಯಾ ಕಾರಿಗೆ ಆಪ್‌ಗಳಿವೆ. ಅದರಲ್ಲಿ ಎಸ್‌ಒಎಚ್ ಎಂಬ ಅಂಕಿ ಬರುತ್ತದೆ: ಹೊಸದರಲ್ಲಿ ನೂರಿದ್ದದ್ದು ಈಗ ಎಷ್ಟು ಎಂದು. ಅದಕ್ಕಿಂತ ನನಗೆ ಹೆಚ್ಚು ಬೇಕಾದದ್ದು ಬ್ಯಾಟರಿ ಒಳಗಿನ ಸಣ್ಣ ಸಣ್ಣ ಬ್ಯಾಟರಿಗಳಾದ ಸೆಲ್‌ಗಳ ವೋಲ್ಟೇಜ್ ಪಟ್ಟಿ. ಲೀಫ್‌ನ ಬ್ಯಾಟರಿಯಲ್ಲಿ 96 ಜೋಡಿ ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿವೆ. ಸಾಲಿನಲ್ಲಿ ಒಬ್ಬ ಕುಸಿದು ಕೂತರೆ ಉಳಿದ 95 ಜನರೂ ಅಲ್ಲೇ ನಿಲ್ಲಬೇಕು. ಎಸ್‌ಒಎಚ್ ಚೆನ್ನಾಗಿದ್ದರೂ ಒಂದೇ ಒಂದು ಸೆಲ್ ಸೋತಿದ್ದರೆ ಆ ಕಾರು ಬೇಡ; ಬೇಕೇ ಬೇಕು ಎಂದರೆ ಆ ಸೆಲ್ ಇರುವ ಮಾಡ್ಯೂಲ್ (ಸೆಲ್ ಕಟ್ಟು) ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಸೋತ ಸೆಲ್ ತುಂಬಿದ ಹೊಟ್ಟೆಯಲ್ಲಿ ಸಿಕ್ಕಿಬೀಳುವುದಿಲ್ಲ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ಮಂಡಿ ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ, ಮೆಟ್ಟಿಲು ಹತ್ತಿಸಿದಾಗ ಗೊತ್ತಾಗುವುದು. ಹಾಗೆ, ಚಾರ್ಜ್ 20ರ ಆಸುಪಾಸಿಗೆ ಇಳಿದಾಗ ಒಂದು ಏರು ಹತ್ತಿಸಿ, ಪೆಡಲ್ ಜೋರಾಗಿ ಒತ್ತಿ. ಪಕ್ಕದಲ್ಲಿ ಕೂತವರು ಆಪ್ ನೋಡುತ್ತಿರಲಿ. ಎಲ್ಲ ಸೆಲ್‌ಗಳೂ ಒಟ್ಟಿಗೆ ಬಗ್ಗಿ ಒಟ್ಟಿಗೆ ಏಳಬೇಕು. ಒಂದು ಮಾತ್ರ ಆಳಕ್ಕೆ ಬಿದ್ದರೆ ಅದೇ ಕುಂಟು ಕಾಲು. ಆಪ್ ಇಲ್ಲದಿದ್ದರೂ ಪರ್ಸೆಂಟ್ ಮೇಲೆ ಕಣ್ಣಿಡಿ: ಮೆಟ್ಟಿಲಿಳಿದಂತೆ ಒಂದೊಂದೇ ಇಳಿಯಬೇಕು, 22ರಿಂದ ಒಮ್ಮೆಗೇ 13ಕ್ಕೆ ಹಾರಬಾರದು. ನಾನು ನೋಡಿದ ಮೂರನೆಯ ಕಾರು ಹಾಗೆ ಹಾರಿತು. ಅಲ್ಲಿಂದಲೇ ನಮಸ್ಕಾರ ಹೇಳಿ ಬಂದೆ.

ಗಡಿಯಾರದ ಪರೀಕ್ಷೆ

ಎಲ್ಲಕ್ಕಿಂತ ನಾನು ನಂಬುವುದು ಇದನ್ನು. ಬೇಕಾಗುವುದು ಗೋಡೆಯ ಪ್ಲಗ್‌ಗೆ ಹಾಕುವ ಸಣ್ಣ ಯೂನಿಟ್ ಮೀಟರ್, ಒಂದು ರಾತ್ರಿ, ಮತ್ತು ಒಪ್ಪುವ ಮಾಲೀಕ. ಮೀಟರಿನ ಆಂಪಿಯರ್ ತಾಕತ್ತು ಚಾರ್ಜರಿಗಿಂತ ಕಡಿಮೆ ಇರಬಾರದು, ಇಲ್ಲವಾದರೆ ಸುಟ್ಟುಹೋಗುತ್ತದೆ. ಕಾರನ್ನು 10 ಪರ್ಸೆಂಟ್ ಹತ್ತಿರಕ್ಕೆ ಇಳಿಸಿ, ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರಿನಿಂದ ನೂರಕ್ಕೆ ತುಂಬಿಸಿ, ಗೋಡೆಯಿಂದ ಎಷ್ಟು ಯೂನಿಟ್ ಹೋಯಿತು ನೋಡಿ. ಹೋದದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಹೀಗೆ ನಿಧಾನಕ್ಕೆ ತುಂಬುವಾಗ ನೂರಕ್ಕೆ 10ರಿಂದ 15ರಷ್ಟು ಬಿಸಿಯಾಗಿ ಸೋರುತ್ತದೆ. ನಾನು 13 ಕಳೆಯುತ್ತೇನೆ.

ಹಿರಿಯರ ಕಾರು 24 ಯೂನಿಟ್‌ದು, ಹೊಸದರಲ್ಲಿ ಬಳಕೆಗೆ ಸುಮಾರು 21.5. ಹತ್ತರಿಂದ ನೂರಕ್ಕೆ 13.6 ಯೂನಿಟ್ ಹೋಯಿತು. ಹದಿಮೂರು ಪಾಲು ಕಳೆದರೆ 11.8. ಅದು ತೊಂಬತ್ತು ಪರ್ಸೆಂಟ್‌ಗೆ, ಪೂರ್ತಿಗೆ 13.1. ಹೊಸದರ 61 ಪಾಲು. ತಳದ ಹದಿನೈದು ಪಾಲು ಬಿಟ್ಟು, ನನ್ನ ಕೆಟ್ಟ ದಿನದ ಲೆಕ್ಕದಲ್ಲಿ 58 ಕಿಲೋಮೀಟರ್, ಬೇಕಾದದ್ದು 78.

ಮೀಟರ್ ಇಲ್ಲದಿದ್ದರೆ ಗಡಿಯಾರ ಸಾಕು. ಆ ಚಾರ್ಜರ್ 2.3 ಕಿಲೋವ್ಯಾಟ್‌ದು. ಹೊಸ ಬ್ಯಾಟರಿಯಾಗಿದ್ದರೆ ಅಷ್ಟು ತುಂಬಲು ಒಂಬತ್ತೂವರೆ ಗಂಟೆಗೂ ಮೇಲೆ ಹಿಡಿಯಬೇಕು. ಇದು ಆರು ಗಂಟೆಯೊಳಗೆ ಮುಗಿಯಿತು. ಗೆರೆ ರೀಸೆಟ್ ಮಾಡಬಹುದು, ಸ್ಕ್ರೀನ್ ಮೇಲೆ ಏನು ಬೇಕಾದರೂ ಬರಬಹುದು, ಆದರೆ ಚೊಂಬಿಗೆ ಕೊಡದ ನೀರು ತುಂಬಿಸಲು ಯಾರಿಂದಲೂ ಆಗುವುದಿಲ್ಲ.

1,12,000 ಓಡಿದ ಕಾರು 30 ಯೂನಿಟ್‌ದು, ಹೊಸದರಲ್ಲಿ ಬಳಕೆಗೆ 27.5. ಹದಿನೈದರಿಂದ ನೂರಕ್ಕೆ 22.3 ಯೂನಿಟ್ ಹೋಯಿತು. ಅದೇ ಲೆಕ್ಕ ಮಾಡಿದರೆ ಒಳಗಿರುವುದು 22.8, ಅಂದರೆ 83 ಪಾಲು. ನನಗೆ ಬೇಕಾದ 17.4ಕ್ಕೆ ಇಳಿಯಲು ಅದು 63ಕ್ಕೆ ಬರಬೇಕು. ವರ್ಷಕ್ಕೆ ಎರಡೂವರೆ ಪಾಲು ಇಳಿದರೂ ಎಂಟು ವರ್ಷ. ಬಾಗಿಲಿನ ತಗ್ಗಿನ ಬಗ್ಗೆ ಮೈದುನ ಇನ್ನೂ ಮಾತಾಡುತ್ತಲೇ ಇದ್ದ.

ಈ ಪರೀಕ್ಷೆಗೆ ಒಪ್ಪದ ಮಾಲೀಕರೂ ಸಿಗುತ್ತಾರೆ. ಒಪ್ಪದವರೆಲ್ಲ ಮೋಸಗಾರರಲ್ಲ, ಅಪರಿಚಿತರ ಮೀಟರನ್ನು ರಾತ್ರಿಯಿಡೀ ಮನೆಯಲ್ಲಿ ಬಿಡಲು ಯಾರಿಗಾದರೂ ಹಿಂಜರಿಕೆಯೇ. ಅಂಥಲ್ಲಿ ಎರಡು ಗಂಟೆ ಚಾರ್ಜ್ ಮಾಡಿಸಿ, ಎಷ್ಟು ಪರ್ಸೆಂಟ್ ಏರಿತು ನೋಡಿ. ನಿಖರತೆ ಕಡಿಮೆ, ಆದರೂ 61 ಮತ್ತು 83ರ ನಡುವಿನ ವ್ಯತ್ಯಾಸ ಕಾಣುತ್ತದೆ.

ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದಾದರೆ ಒಂದು ಎಚ್ಚರ. ಅದರಲ್ಲಿ ನಿಕಲ್, ಕೋಬಾಲ್ಟ್ ಇಲ್ಲ, ಬಾಳಿಕೆ ಹೆಚ್ಚು. ಆದರೆ ತುಂಬಿದ್ದಾಗಲೂ ಅರ್ಧವಿದ್ದಾಗಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುವುದರಿಂದ ಒಳಗೆ ಎಷ್ಟಿದೆ ಎಂದು ಕಾರಿಗೇ ಸರಿಯಾಗಿ ತಿಳಿಯುವುದಿಲ್ಲ. ಆಗಾಗ ನೂರಕ್ಕೆ ತುಂಬಿಸಿದರೆ ಲೆಕ್ಕ ನೇರವಾಗುತ್ತದೆ. ಪರೀಕ್ಷೆಗೆ ಮುಂಚೆ ಒಂದು ಸಲ ಪೂರ್ತಿ ತುಂಬಿಸಲು ಹೇಳಿ.

ಉಳಿದದ್ದು

ಉಳಿದ ಭಾಗಗಳಿಗೆ ಹೆಚ್ಚು ಹೊತ್ತು ಬೇಡ. ಬಗ್ಗಿ ಕಾರಿನ ತಳ ನೋಡಿ. ಬ್ಯಾಟರಿ ಪೆಟ್ಟಿಗೆ ಅಲ್ಲೇ ಇರುವುದು, ಕಲ್ಲು ಬಡಿದು ಒಳಗೆ ತಗ್ಗಿದ್ದರೆ ಬೇಡ. ನೀರಲ್ಲಿ ಮುಳುಗಿದ ಕಾರಂತೂ ಬೇಡವೇ ಬೇಡ. ಬ್ರೇಕ್ ಡಿಸ್ಕ್ ತುಕ್ಕು ಹಿಡಿದಿರಬಹುದು: ವೇಗ ಇಳಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಬ್ರೇಕ್‌ಗೆ ಕೆಲಸ ಕಡಿಮೆ. ಡ್ಯಾಶ್‌ಬೋರ್ಡ್ ತುಂಬ ಎಚ್ಚರಿಕೆ ದೀಪಗಳು ಹತ್ತಿಕೊಂಡು ಕಾರು ಏಳದಿದ್ದರೆ ದೊಡ್ಡ ಬ್ಯಾಟರಿಯನ್ನು ಬೈಯುವ ಮೊದಲು 12 ವೋಲ್ಟ್‌ನ ಸಣ್ಣ ಬ್ಯಾಟರಿ ನೋಡಿ. ಬಹಳ ಸಲ ಅದೇ ಸತ್ತಿರುತ್ತದೆ, ಮತ್ತು ಅದು ಸತ್ತ ಕಾರು ಸಸ್ತಾಕ್ಕೆ ಸಿಗುವುದೂ ಉಂಟು!

ಚಾರ್ಜಿಂಗ್ ಸಾಕೆಟ್ ಯಾವ ಬಗೆಯದು, ಫಾಸ್ಟ್ ಚಾರ್ಜ್ ಸಾಕೆಟ್ ಇದೆಯೇ ಎಂದು ಮುಚ್ಚಳ ತೆಗೆದು ನಿಮ್ಮ ಕಣ್ಣಲ್ಲೇ ನೋಡಿ. ಹಳೆಯ ಲೀಫ್‌ಗಳದು ಶಾಡೆಮೋ ಎಂಬ ಬಗೆ. ಕೆಲವು ಕಾರುಗಳಿಗೆ ಫಾಸ್ಟ್ ಚಾರ್ಜ್ ಇರಲೇ ಇಲ್ಲ. ನೀವು ಹೋಗುವ ದಾರಿಯಲ್ಲಿರುವ ಚಾರ್ಜರ್‌ಗಳಿಗೆ ಅದು ಹೊಂದದಿದ್ದರೆ ಕಾರು ನಿಮ್ಮ ಮನೆಗೇ ಕಟ್ಟಿಹಾಕಿದಂತೆ.

ಕಾಗದಪತ್ರಗಳಲ್ಲಿ ಮೂರು ವಿಷಯ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಅದು ಎರಡನೇ ಮಾಲೀಕರಿಗೂ ನಡೆಯುತ್ತದೆಯೇ, ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಓದಿ. ಬ್ಯಾಟರಿ ಕಾರಿನ ಜೊತೆಗೇ ಬರುತ್ತದೆಯೇ ಎಂದೂ ನೋಡಿ: ಯುರೋಪಿನಲ್ಲಿ ಮೊದಮೊದಲ ಜೋಯಿಗಳನ್ನು ಮಾರಿ, ಬ್ಯಾಟರಿಯನ್ನು ಮಾತ್ರ ತಿಂಗಳ ಬಾಡಿಗೆಗೆ ಕೊಡುತ್ತಿದ್ದರು. ಕೊನೆಯದು ರೀಕಾಲ್. ಬೆಂಕಿಯ ಅಪಾಯದಿಂದ 2021ರಲ್ಲಿ ಬೋಲ್ಟ್‌ಗಳನ್ನೆಲ್ಲ ವಾಪಸ್ ಕರೆದು, ಎಷ್ಟೋ ಕಾರುಗಳಿಗೆ ಹೊಸ ಬ್ಯಾಟರಿ ಹಾಕಿಕೊಟ್ಟರು. ರೀಕಾಲ್ ಎಂದ ಕೂಡಲೇ ಓಡಿಹೋಗಬೇಡಿ. ಕೆಲಸ ಮುಗಿದ ದಾಖಲೆ ಇದ್ದರೆ ಹಳೆಯ ಕಾರಿನಲ್ಲಿ ಹೊಸ ಬ್ಯಾಟರಿ ಸಿಕ್ಕಿದಂತೆ. ದಾಖಲೆ ಇಲ್ಲದಿದ್ದರೆ ಚಾಸಿಸ್ ನಂಬರ್ ಕೊಟ್ಟು ಕೇಳಿ, ಆಮೇಲೆ ಮುಂಗಡ ಕೊಡಿ.

ಮನೆಗೆ ತಂದ ಮೊದಲ ವಾರವೇ ಇನ್ನೊಮ್ಮೆ ಗಡಿಯಾರದ ಪರೀಕ್ಷೆ ಮಾಡಿ ತಾರೀಖಿನ ಜೊತೆ ಬರೆದಿಡಿ. ಮುಂದೆ ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ. ದಿನದ ಓಡಾಟಕ್ಕೆ 80 ಸಾಕು. ನೂರು ಬೇಕಾದ ದಿನ, ಹೊರಡುವ ಹೊತ್ತಿಗೆ ಸರಿಯಾಗಿ ತುಂಬುವಂತೆ ಟೈಮರ್ ಇಡಿ. ವಾರಗಟ್ಟಲೆ ನಿಲ್ಲಿಸುವುದಾದರೆ ಅರ್ಧದ ಹತ್ತಿರ ಬಿಡಿ.

ಹಿರಿಯರಿಗೆ 13.1ರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದೆ. ಮೊದಲು ಬೇಜಾರಾದರು, ಆಮೇಲೆ "ಹಾಗಾದ್ರೆ ಐವತ್ತೆಂಟು ಕಿಲೋಮೀಟರ್ ಗ್ಯಾರಂಟಿ ಅಂದ್ಹಾಗಾಯ್ತಲ್ಲ?" ಎಂದರು. ಹೌದು ಎಂದೆ. ಅವರ ಸೊಸೆಯ ಆಫೀಸಿಗೆ ಹೋಗಿಬರಲು 18 ಕಿಲೋಮೀಟರ್. ಕಾರು ಮಾರಲಿಲ್ಲ. ಈಗ ಅದು ಮಧ್ಯಾಹ್ನವೆಲ್ಲ ಆಫೀಸಿನ ನೆಲಮಾಳಿಗೆಯಲ್ಲಿ, ನೆರಳಲ್ಲಿ ನಿಂತಿರುತ್ತದಂತೆ.